ನಮ್ಮ ಬಯಕೆಗಳು ನಮ್ಮವೇ?

ಕಳೆದ ಮಳೆಗಾಲದ ಒಂದು ಸಂಜೆ ನೆರೆಮನೆಯ ಹುಡುಗನೊಬ್ಬನು ನನ್ನಲ್ಲಿಗೆ ಬಂದನು. ದ್ವಿತೀಯ ಪಿ.ಯು.ಸಿ. ಮುಗಿಸಿದ್ದನು, ಸಿ.ಇ.ಟಿ.ಯಲ್ಲಿ ಒಳ್ಳೆಯ ಸ್ಥಾನವನ್ನೇ ಪಡೆದಿದ್ದನು. ಯಾವ ಕಾಲೇಜು, ಯಾವ ವಿಷಯ ಎಂಬ ಆಯ್ಕೆಯ ಪಟ್ಟಿಯನ್ನು ಎರಡು ದಿನಗಳೊಳಗಾಗಿ ತುಂಬಬೇಕಾಗಿದ್ದಿತು. ಬರೆದು ತಂದಿದ್ದ ಹಾಳೆಯನ್ನು ನನ್ನ ಮುಂದೆ ಇಟ್ಟನು. ಮೊದಲ ಇಪ್ಪತ್ತು ಸಾಲುಗಳಲ್ಲಿ ಕಾಲೇಜಿನ ಹೆಸರು ಮಾತ್ರ ಬದಲಾಗುತ್ತಿದ್ದಿತು. ವಿಷಯವೆಲ್ಲ ಕಂಪ್ಯೂಟರ್ ವಿಜ್ಞಾನವೇ.

“ಏನಪ್ಪ, ಇದು ಮನೆಯವರ ಇಷ್ಟವೋ, ನಿನ್ನ ಇಷ್ಟವೋ?” ಎಂದು ಕೇಳಿದೆನು.

“ಯಾರ ಬಲವಂತವೂ ಇಲ್ಲ, ಸಾರ್. ನಿನಗೆ ಬೇಕಾದ್ದನ್ನು ಓದು ಎಂದು ಅಪ್ಪ ಹೇಳಿದ್ದಾರೆ. ಇದು ನನ್ನ ಸ್ವಂತ ಆಸೆ.”

ಅವನು ಸುಳ್ಳು ಹೇಳುವ ಹುಡುಗನಲ್ಲ. ಹೀಗೆ ಹೇಳುತ್ತಲೇ, ನನ್ನ ಮನೆಯಾಕೆ ಕರಿದು ತಂದಿಟ್ಟಿದ್ದ ಮೆಣಸಿನಕಾಯಿ ಬಜ್ಜಿಯನ್ನು ತಿನ್ನುತ್ತಿದ್ದನು. ಕಣ್ಣಿನಲ್ಲಿ ನೀರು, ಮೂಗಿನಲ್ಲಿ ನೀರು. ಆದರೂ ಕೈ ಮತ್ತೆ ಮತ್ತೆ ತಟ್ಟೆಯ ಕಡೆಗೇ ಹೋಗುತ್ತಿದ್ದಿತು. “ಖಾರ ಹೆಚ್ಚಾಯಿತೇನೋ” ಎಂದರೆ, “ಇಲ್ಲ ಸಾರ್, ಖಾರವಿದ್ದರೇ ಚೆನ್ನ” ಎಂದನು.

ಅವನು ಹೋದ ಮೇಲೆ ಈ ಎರಡು ಆಸೆಗಳೂ ನನ್ನ ತಲೆಯಲ್ಲಿ ಒಂದರ ಪಕ್ಕದಲ್ಲಿ ಒಂದು ಕುಳಿತುಬಿಟ್ಟುವು. ಒಂದು ಬಜ್ಜಿಯ ಆಸೆ. ಇನ್ನೊಂದು ಪದವಿಯ ಆಸೆ. ಎರಡನ್ನೂ ಅವನು ತನ್ನವೆಂದೇ ನಂಬಿದ್ದಾನೆ. ನಾವೆಲ್ಲರೂ ನಮ್ಮ ಆಸೆಗಳನ್ನು ಹಾಗೆಯೇ ನಂಬಿದ್ದೇವೆ. ಹಸಿವು ಹೊಟ್ಟೆಯಿಂದ ಏಳುವಂತೆ, ಆಸೆಯೂ ಒಳಗಿನ ಎಲ್ಲಿಂದಲೋ ತಾನಾಗಿ ಏಳುತ್ತದೆಂಬುದು ನಮ್ಮ ಭಾವನೆ. ಅದು ನಿಜವೇ? ಬಜ್ಜಿಯಿಂದಲೇ ಪ್ರಾರಂಭಿಸೋಣ. ಪದವಿಗಿಂತ ಬಜ್ಜಿಯ ವಿಷಯದಲ್ಲಿ ವಿಜ್ಞಾನಕ್ಕೆ ತಿಳಿದಿರುವುದು ಹೆಚ್ಚು.

ಮೆಣಸಿನಕಾಯಿ ನಮ್ಮ ನಾಡಿನದಲ್ಲ. ಅದರ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸನು ಆ ಕಡೆಯ ದ್ವೀಪಗಳನ್ನು ಮುಟ್ಟಿದ ಮೇಲೆಯೇ ಅದು ಹೊರಜಗತ್ತಿಗೆ ಪರಿಚಯವಾದದ್ದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಂದಿಗೆ ಅದು ಭಾರತಕ್ಕೆ ಬಂದಿತು. ಪಂಪ ಮಹಾಕವಿಯು ಮೆಣಸಿನಕಾಯಿಯನ್ನು ಕಂಡಿರಲಿಲ್ಲ; ಬಸವಣ್ಣನವರ ಕಾಲದ ಕಲ್ಯಾಣದ ಅಡುಗೆಮನೆಗಳಲ್ಲಿ ಅದು ಇರಲಿಲ್ಲ; ವಿಜಯನಗರವನ್ನು ಕಟ್ಟಿದ ಹಕ್ಕಬುಕ್ಕರೂ ಅದರ ರುಚಿಯನ್ನು ಅರಿಯರು. ಖಾರಕ್ಕೆ ಆಗ ಇದ್ದದ್ದು ಬಳ್ಳಿಯ ಮೆಣಸು, ಶುಂಠಿ, ಹಿಪ್ಪಲಿ. ಹೊಸ ಕಾಯಿಗೆ ನಮ್ಮವರು ಹೆಸರನ್ನು ಹುಡುಕಿದ್ದಾದರೂ ಹೇಗೆ? ಮೆಣಸಿನಂತೆ ಉರಿಯುವ ಕಾಯಿ ಮೆಣಸಿನಕಾಯಿಯಾಯಿತು. ಕಾಲಕ್ರಮದಲ್ಲಿ ನೆಂಟನೇ ಮನೆಯ ಯಜಮಾನನಾದನು. ಮೂಲದ ಮೆಣಸು ತನ್ನ ಹೆಸರಿನ ಹಿಂದೆ ‘ಕರಿ’ ಎಂದೋ ‘ಕಾಳು’ ಎಂದೋ ಸೇರಿಸಿಕೊಂಡು ಗುರುತು ಹೇಳಿಕೊಳ್ಳಬೇಕಾಯಿತು. ಇಂದು ಒಣಮೆಣಸಿನಕಾಯಿಯನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಬೆಳೆಯುವ ದೇಶ ನಮ್ಮದು. ಹಾವೇರಿ ಜಿಲ್ಲೆಯ ಬ್ಯಾಡಗಿ ಎಂಬ ಊರಿನ ಹೆಸರನ್ನು ಕೇಳಿದರೆ ಬಾಯಲ್ಲಿ ನೀರೂರುವುದು ಮೆಣಸಿನಕಾಯಿಗಾಗಿಯೇ. (ಬ್ಯಾಡಗಿಯದು ಬಣ್ಣದಲ್ಲಿ ಗಾಢ, ಖಾರದಲ್ಲಿ ಸೌಮ್ಯ, ನೋಡಿ ಹೆದರುವವರು ತಿಂದರೆ ಹೆದರುವುದಿಲ್ಲ.) ಹೀಗೆ, ಐದುನೂರು ವರ್ಷಗಳ ಹಿಂದೆ ಕನ್ನಡಿಗರಲ್ಲಿ ಒಬ್ಬನಿಗೂ ಇಲ್ಲದಿದ್ದ, ಇರಲು ಸಾಧ್ಯವೇ ಇಲ್ಲದಿದ್ದ ಬಯಕೆಯೊಂದು ಇಂದು ಪ್ರತಿ ಮನೆಯ ಒಲೆಯ ಮೇಲೆ ಕುದಿಯುತ್ತಿದೆ.

ಇದಕ್ಕಿಂತ ವಿಚಿತ್ರವಾದ ಸಂಗತಿ ಮುಂದಿದೆ. ಖಾರವು ನಿಜವಾಗಿ ಒಂದು ರುಚಿಯೇ ಅಲ್ಲ, ಅದು ನೋವು. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತುವು, ಬಿಸಿಯನ್ನು ತಿಳಿಸುವ ನರತಂತುಗಳ ಮೇಲಿನ ಒಂದು ಗ್ರಾಹಕವನ್ನು ಕೆರಳಿಸುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಬಿಸಿ ತಗುಲಿದಾಗ “ಸುಡುತ್ತಿದೆ, ಹುಷಾರು” ಎಂದು ಮಿದುಳಿಗೆ ಸುದ್ದಿ ಕಳುಹಿಸುವುದೂ ಇದೇ ಗ್ರಾಹಕವೇ. 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ಕ್ಯಾಲಿಫೋರ್ನಿಯದಲ್ಲಿ ಇದನ್ನು ಕಂಡುಹಿಡಿದರು. 2021ರ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್ಸರಿಗೆ ಪಾಲು ದೊರೆತುದು ಈ ಕೆಲಸಕ್ಕಾಗಿ. ಎಂದರೆ, ಬಜ್ಜಿ ತಿನ್ನುವ ಹುಡುಗನ ನಾಲಗೆಯಲ್ಲಿ ಏನೂ ಸುಡುತ್ತಿಲ್ಲ. ಸುಡುತ್ತಿದೆಯೆಂಬ ಸುಳ್ಳು ಸುದ್ದಿ ಮಾತ್ರ ಮೇಲಕ್ಕೆ ಹೋಗುತ್ತಿದೆ. ಕಣ್ಣೀರು, ಬೆವರು ಎಲ್ಲವೂ ಆ ಸುಳ್ಳು ಸುದ್ದಿಯ ಪರಿಣಾಮ.

ಗಿಡವು ಈ ವಸ್ತುವನ್ನು ತಯಾರಿಸುವುದು ನಮ್ಮ ಸಾರಿಗಾಗಿ ಅಲ್ಲ. ಅಮೆರಿಕದ ಅರಿಜೋನ ಪ್ರಾಂತದ ಕಾಡುಮೆಣಸಿನ ಗಿಡಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2001ರಲ್ಲಿ ತಿಳಿಸಿದ್ದೇನೆಂದರೆ, ಇಲಿಯಂಥ ಸಸ್ತನಿಗಳು ಆ ಹಣ್ಣುಗಳ ಹತ್ತಿರ ಸುಳಿಯುವುದಿಲ್ಲ. ಹಕ್ಕಿಗಳು ಮಾತ್ರ ಸಂತೋಷದಿಂದ ತಿನ್ನುತ್ತವೆ. ಹಕ್ಕಿಯ ಶರೀರದಲ್ಲಿರುವ ಗ್ರಾಹಕವನ್ನು ಕ್ಯಾಪ್ಸೈಸಿನ್ ಕೆರಳಿಸಲಾರದು. ಸಸ್ತನಿಯು ಬೀಜವನ್ನು ಅಗಿದು ಹಾಳುಮಾಡುತ್ತದೆ. ಹಕ್ಕಿಯು ಇಡಿಯಾಗಿ ನುಂಗಿ ದೂರದಲ್ಲಿ ಬಿತ್ತುತ್ತದೆ. ಖಾರವೆಂಬುದು ಸಸ್ತನಿಗಳ ಮುಂದೆ ಗಿಡವು ತೂಗುಹಾಕಿರುವ ‘ಪ್ರವೇಶವಿಲ್ಲ’ ಎಂಬ ಫಲಕ. ಆ ಫಲಕವನ್ನು ಓದಿಯೂ, ಓದಿದ್ದಕ್ಕಾಗಿಯೇ, ಒಳಗೆ ನುಗ್ಗುವ ಸಸ್ತನಿ ಮನುಷ್ಯನೊಬ್ಬನೇ ಎಂದು ಹೇಳಬಹುದು.

ಹಾಗಾದರೆ ನೋವು ಬಯಕೆಯಾದದ್ದು ಹೇಗೆ? ಪಾಲ್ ರೋಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನರಿಯಲು ಮೆಕ್ಸಿಕೋ ದೇಶದ ಒಂದು ಬೆಟ್ಟಹಳ್ಳಿಗೆ ಹೋದರು; 1980ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿ ಹೊತ್ತುಹೊತ್ತಿಗೂ ಮೆಣಸಿನಕಾಯಿಯೇ. ಚಿಕ್ಕ ಮಕ್ಕಳಿಗೆ ಯಾರೂ ಅದನ್ನು ಬಲವಂತವಾಗಿ ತಿನ್ನಿಸುವುದಿಲ್ಲ. ಎರಡು ಮೂರು ವರ್ಷದ ಕೂಸು ಅಣ್ಣ ಅಕ್ಕಂದಿರೊಂದಿಗೆ ಕುಳಿತು, ಅವರು ಬೇಕೆಂದು ಹಾಕಿಸಿಕೊಳ್ಳುವುದನ್ನು ನೋಡುತ್ತದೆ. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು. ಶಾಲೆಗೆ ಹೋಗುವ ವಯಸ್ಸಿಗೆ ತಾನೇ ಕೇಳಿ ಹಾಕಿಸಿಕೊಳ್ಳುತ್ತದೆ. ರೋಜಿನ್ನರು ಅಲ್ಲಿಗೇ ನಿಲ್ಲಲಿಲ್ಲ. ಅದೇ ಮನೆಗಳ ಅದೇ ಖಾರದ ಎಂಜಲನ್ನು ತಿಂದು ಬೆಳೆದ ನಾಯಿಗಳಿಗೂ ಹಂದಿಗಳಿಗೂ ಖಾರದ ತುಂಡು, ಸಪ್ಪೆಯ ತುಂಡು ಎರಡನ್ನೂ ಇಟ್ಟು ನೋಡಿದರು. ಪ್ರಾಣಿಗಳಿಗೆ ಖಾರವೇ ಬೇಕೆಂಬ ಒಲವು ಕಾಣಲಿಲ್ಲ. ದಿನವೂ ತಿಂದ ಮಾತ್ರಕ್ಕೆ ಆಸೆ ಹುಟ್ಟುವುದಾದರೆ ನಾಯಿಗೂ ಹುಟ್ಟಬೇಕಾಗಿದ್ದಿತು. ಮಕ್ಕಳಿಗೆ ಇದ್ದು ನಾಯಿಗೆ ಇಲ್ಲದ್ದು ಯಾವುದು? ತಿನ್ನುವಾಗ ಜೊತೆಯಲ್ಲಿ ಕುಳಿತು, ಮುಖವರಳಿಸಿ ತಿನ್ನುವ ತನ್ನವರು.

ಇದು ಬರಿಯ ಊಹೆಯಲ್ಲವೇ ಎಂದು ಎಚ್ಚರದ ಓದುಗರು ಕೇಳಬಹುದು. ಕೇಳಬೇಕು. ಇದಕ್ಕೆ ಬಲವಾದ ಆಧಾರ ಬಂದುದು, ಯಾರೂ ನಿರೀಕ್ಷಿಸದಿದ್ದ ಕಡೆಯಿಂದ, ಇಲಿಗಳಿಂದ. ಇಲಿಗೆ ಖಾರದ ಆಹಾರವನ್ನು ಎಷ್ಟು ಅಭ್ಯಾಸ ಮಾಡಿಸಿದರೂ ಒಲವು ಹುಟ್ಟಿಸುವುದು ಬಹಳ ಕಷ್ಟವೆಂದು ಪ್ರಯೋಗಗಳು ತೋರಿಸಿದ್ದುವು. ಕೆನಡದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಬೆನೆಟ್ ಗೇಲಫ್ ಅವರು ಬೇರೆಯ ಉಪಾಯವನ್ನು ಹೂಡಿದರು. ಒಂದು ಇಲಿಗೆ ಖಾರದ ಆಹಾರವನ್ನು ತಿನ್ನಿಸಿ, ಅದನ್ನು ಇನ್ನೊಂದು ಇಲಿಯ ಜೊತೆಯಲ್ಲಿ ಬಿಟ್ಟರು. ಎರಡನೆಯದು ಮೊದಲನೆಯದರ ಮೂತಿಯನ್ನು ಮೂಸಿತು, ಅಷ್ಟೆ. ಆಮೇಲೆ ಅದರ ಮುಂದೆ ಆಹಾರವನ್ನಿಟ್ಟಾಗ, ಹಾಗೆ ಮೂಸದ ಇಲಿಗಳಿಗಿಂತ ಎಷ್ಟೋ ಹೆಚ್ಚಾಗಿ ಖಾರದ್ದನ್ನು ತಿಂದಿತು. ಮುಂದಿನ ಸಂಶೋಧನೆ ಇನ್ನೂ ಸೂಕ್ಷ್ಮ. ಇಲಿಯ ಉಸಿರಿನಲ್ಲಿ ಕಾರ್ಬನ್ ಡೈಸಲ್ಫೈಡ್ ಎಂಬ ವಸ್ತುವು ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಆಹಾರದ ವಾಸನೆಯೂ ಈ ವಸ್ತುವಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಿದ್ದರೆ ಸಾಕು, ಆ ಆಹಾರದ ಮೇಲೆ ಒಲವು ಹುಟ್ಟುತ್ತದೆ. ಜೀವಂತ ಗೆಳೆಯನೂ ಬೇಡ. ಹತ್ತಿಯ ಬೊಂಬೆಗೆ ಆಹಾರವನ್ನು ಮೆತ್ತಿ ಆ ದ್ರವವನ್ನು ಚಿಮುಕಿಸಿದರೂ ಒಲವು ಹುಟ್ಟಿತು!

ಆ ಇಲಿಗೆ ಮಾತು ಬರುತ್ತಿದ್ದರೆ, “ನಿನಗೆ ಖಾರವೇಕೆ ಇಷ್ಟ?” ಎಂದು ಕೇಳಿದಾಗ ಅದು “ಪಕ್ಕದವನ ಉಸಿರು” ಎಂದು ಉತ್ತರಿಸುತ್ತಿದ್ದಿತೇ? ಇಲ್ಲ. “ನನಗೆ ಇಷ್ಟ, ಅಷ್ಟೆ. ಯಾರ ಬಲವಂತವೂ ಇಲ್ಲ” ಎನ್ನುತ್ತಿದ್ದಿತೆಂದು ತೋರುತ್ತದೆ.

ಇದರಿಂದ, ನಮ್ಮೊಳಗೆ ನಮ್ಮದೆಂಬುದೇ ಇಲ್ಲ, ಮನಸ್ಸೆಂಬುದು ಸಮಾಜವು ಬರೆಯುವ ಖಾಲಿ ಹಲಗೆ ಎಂದು ಕೆಲವರು ತೀರ್ಮಾನಿಸುತ್ತಾರೆ. ಅದು ಅವಸರದ ಮಾತು. ಜೆರುಸಲೇಮಿನ ಜೇಕಬ್ ಸ್ಟೈನರ್ ಎಂಬುವರು 1970ರ ದಶಕದಲ್ಲಿ, ಹುಟ್ಟಿ ಕೆಲವೇ ಗಂಟೆಗಳಾದ, ಇನ್ನೂ ಮೊದಲ ಹಾಲನ್ನೂ ಕುಡಿಯದ ಕೂಸುಗಳ ನಾಲಗೆಗೆ ಸಿಹಿ ಕಹಿಗಳನ್ನು ಸೋಕಿಸಿ ಮುಖಭಾವಗಳ ಚಿತ್ರ ತೆಗೆದರು. ಸಿಹಿಗೆ ಮುಖ ಸಡಿಲವಾಗಿ ತುಟಿ ಚಪ್ಪರಿಸಿತು. ಕಹಿಗೆ ಮುಖ ಕಿವುಚಿ ಬಾಯಿ ತೆರೆದುಕೊಂಡಿತು. ಇದನ್ನು ಯಾವ ಸಮಾಜವೂ ಕಲಿಸಿದ್ದಲ್ಲ. ಶರೀರಗಳೂ ಒಂದೇ ಎರಕದವಲ್ಲ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಜ್ಞರ ಕೈಯಿಂದ ಫೀನೈಲ್‌ಥಯೋಕಾರ್ಬಮೈಡ್ ಎಂಬ ಪುಡಿ ಗಾಳಿಗೆ ತೂರಿಹೋಯಿತು. ಪಕ್ಕದಲ್ಲಿದ್ದವರಿಗೆ ಬಾಯೆಲ್ಲ ಕಹಿ. ಫಾಕ್ಸರಿಗೆ ಏನೂ ತಿಳಿಯಲಿಲ್ಲ. ಈ ಭೇದಕ್ಕೆ ಕಾರಣವಾದ ವಂಶವಾಹಿಯು 2003ರಲ್ಲಿ ಗೊತ್ತಾಯಿತು. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರ ನಾಲಗೆಗಳು ಬೇರೆಬೇರೆ ಲೋಕಗಳನ್ನು ಸವಿಯುತ್ತಿರಬಹುದು.

ಆದರೆ ಆ ‘ಸ್ವಂತ’ ನಾಲಗೆಯೂ ತಾಯಿಯ ಗರ್ಭದಲ್ಲಿಯೇ ಪಾಠಕ್ಕೆ ಕುಳಿತಿರುತ್ತದೆ. ಫಿಲಡೆಲ್ಫಿಯದ ಜೂಲಿ ಮೆನೆಲ್ಲ ಅವರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಗರ್ಭಿಣಿಯರು ಕೊನೆಯ ತಿಂಗಳುಗಳಲ್ಲಿ ಕ್ಯಾರೆಟ್ಟಿನ ರಸವನ್ನು ಕುಡಿದರು, ಕೆಲವರು ಹಾಲೂಡಿಸುವ ಕಾಲದಲ್ಲಿ ಕುಡಿದರು, ಉಳಿದವರು ನೀರನ್ನಷ್ಟೇ. ಮಕ್ಕಳಿಗೆ ಮೊದಲ ಅನ್ನಪ್ರಾಶನದ ವೇಳೆಗೆ ಕ್ಯಾರೆಟ್ ರಸದ ಗಂಜಿಯನ್ನು ಕೊಟ್ಟಾಗ, ಮೊದಲ ಎರಡು ಗುಂಪಿನ ಮಕ್ಕಳು ಅಷ್ಟಾಗಿ ಮುಖ ಸಿಂಡರಿಸಲಿಲ್ಲ. ‘ನಾನು’ ಎಂಬುದು ಇನ್ನೂ ಕಣ್ಣು ಬಿಡುವ ಮೊದಲೇ ‘ನನ್ನ ರುಚಿ’ ಎಂಬುದಕ್ಕೆ ಬೇರೊಬ್ಬರು ಅಡಿಗಲ್ಲನ್ನು ಹಾಕಿರುತ್ತಾರೆ.

ಶರೀರವು ಕೊಟ್ಟದ್ದೆಷ್ಟು, ಸುತ್ತಲಿನವರು ಕೊಟ್ಟದ್ದೆಷ್ಟು ಎಂದು ತಕ್ಕಡಿಯಲ್ಲಿ ತೂಗುವುದು ಈಗ ನನಗೆ ವ್ಯರ್ಥವೆನಿಸುತ್ತದೆ. ಹೊರಗಿನಿಂದ ಬಂದದ್ದು ನಮ್ಮದಲ್ಲವೆನ್ನುವುದಾದರೆ, ನಾವು ಮೊದಲು ಬಿಟ್ಟುಕೊಡಬೇಕಾದದ್ದು ಕನ್ನಡವನ್ನು. ಒಂದೇ ಒಂದು ಶಬ್ದವನ್ನೂ ನಾವು ಹುಟ್ಟುವಾಗ ತಂದಿರಲಿಲ್ಲ. ಎಲ್ಲವೂ ಕೇಳಿ ಕಲಿತದ್ದು. ಆದರೂ ಕನಸಿನಲ್ಲಿ ಬರುವ ಭಾಷೆ ಅದೇ, ನೋವಾದಾಗ ಬಾಯಿಂದ ಹೊರಡುವುದೂ ಅದೇ. ಅದನ್ನು ‘ಪರರ ಸೊತ್ತು’ ಎನ್ನಲು ಯಾರಿಗೆ ನಾಲಗೆ ಹೊರಳೀತು? ಕಲಿತದ್ದೆಂಬ ಒಂದೇ ಕಾರಣದಿಂದ ಬಯಕೆಯು ಪರಕೀಯವಾಗುವುದಿಲ್ಲ.

ಈ ವಿವಾದ ಅರ್ಥಶಾಸ್ತ್ರಜ್ಞರಲ್ಲಿಯೂ ಒಮ್ಮೆ ಜೋರಾಗಿ ನಡೆದಿದ್ದಿತು. ಜಾನ್ ಕೆನೆತ್ ಗಾಲ್‌ಬ್ರೇತ್ (ಇವರು 1961ರಿಂದ 1963ರವರೆಗೆ ಭಾರತದಲ್ಲಿ ಅಮೆರಿಕದ ರಾಯಭಾರಿಗಳಾಗಿದ್ದವರು) 1958ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದು ಪ್ರಶ್ನೆಯನ್ನೆತ್ತಿದರು: ಸರಕನ್ನು ತಯಾರಿಸುವವನೇ ಜಾಹೀರಾತಿನ ಮೂಲಕ ಅದರ ಆಸೆಯನ್ನೂ ತಯಾರಿಸುವುದಾದರೆ, ಆ ಆಸೆಯನ್ನು ತೀರಿಸುವುದು ದೊಡ್ಡ ಲೋಕೋಪಕಾರವೆಂದು ಹೇಗೆ ಹೇಳುವುದು? ಇದಕ್ಕೆ 1961ರಲ್ಲಿ ಹಯೆಕ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞರು ಉತ್ತರ ಕೊಟ್ಟರು: ಕಾವ್ಯ ಸಂಗೀತಗಳ ಬಯಕೆಯನ್ನೂ ಮನುಷ್ಯನು ಇತರರಿಂದಲೇ ಕಲಿಯುತ್ತಾನೆ, ಹುಟ್ಟಿನಿಂದ ಬಂದ ಬಯಕೆ ಮಾತ್ರ ಬೆಲೆಯುಳ್ಳದ್ದೆಂದರೆ ನಾಗರಿಕತೆಯಲ್ಲಿ ಉಳಿಯುವುದೇನು? ಹಯೆಕ್ ಅವರ ವಾದದ ಈ ಭಾಗ ನನಗೆ ಸಂಪೂರ್ಣವಾಗಿ ಒಪ್ಪಿಗೆ. ಆದರೆ ಗಾಲ್‌ಬ್ರೇತರ ಪ್ರಶ್ನೆ ಅದರಿಂದ ಸತ್ತುಹೋಗಲಿಲ್ಲ. ಮೆಕ್ಸಿಕೋ ಹಳ್ಳಿಯ ಅಕ್ಕನು ತಮ್ಮನೆದುರಿಗೆ ಮೆಣಸಿನಕಾಯಿ ತಿನ್ನುವಾಗ ಅವಳಿಗೆ ಯಾವ ಲಾಭದ ಉದ್ದೇಶವೂ ಇಲ್ಲ. ಎಲ್ಲ ಬಯಕೆಗಳ ಕಥೆಯೂ ಇಷ್ಟು ನಿರ್ಮಲವಲ್ಲ.

ನಮ್ಮ ಕಾಫಿ ಚಹಾಗಳನ್ನೇ ನೋಡಿ. ಕಾಫಿಯ ಗಿಡ ಬಾಬಾಬುಡನ್ ಬೆಟ್ಟಗಳಲ್ಲಿ ಬಹುಕಾಲದಿಂದ ಇದ್ದಿತು. ಆದರೆ ಬೆಳೆದ ಕಾಫಿಯ ಬಹುಭಾಗ ಹೊರದೇಶಗಳಿಗೆ ಹೋಗುತ್ತಿದ್ದಿತು. ಚಹಾದ ಸ್ಥಿತಿಯೂ ಅಷ್ಟೆ. ಹೊರಗಿನ ಮಾರುಕಟ್ಟೆಯನ್ನೇ ನಂಬಿ ಕುಳಿತರೆ ಸಾಲದೆಂದು ತೋಟದ ಒಡೆಯರಿಗೆ ತೋರಿತು. ಚಹಾದ ಪ್ರಚಾರಕ್ಕೆ ಹಣವನ್ನೊದಗಿಸಲು 1903ರಲ್ಲಿಯೇ ರಫ್ತಿನ ಮೇಲೆ ಕರವನ್ನು ವಿಧಿಸುವ ಕಾನೂನಾಯಿತು. ಸಂತೆಪೇಟೆಗಳಲ್ಲಿ ಪುಕ್ಕಟೆಯಾಗಿ ಬಟ್ಟಲು ಬಟ್ಟಲು ಚಹಾ ಹಂಚಿದರು. ಚಹಾ ಕಾಸುವ ಕ್ರಮವನ್ನು ದೇಶಭಾಷೆಗಳಲ್ಲಿ ಬರೆಯಿಸಿ ರೈಲು ನಿಲ್ದಾಣಗಳಲ್ಲಿ ತಗಡಿನ ಫಲಕಗಳನ್ನು ಹಾಕಿದರು. ಕಾಫಿಗಾಗಿ 1935ರಲ್ಲಿ ಸಮಿತಿಯೊಂದು ಏರ್ಪಟ್ಟಿತು. 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸು ತೆರೆಯಿತು. ಕಹಿಗೆ ಮುಖ ಕಿವುಚುವುದು ಕೂಸಿನ ಹುಟ್ಟುಗುಣವೆಂದು ಈಗತಾನೇ ನೋಡಿದೆವು. ಆ ಹುಟ್ಟುಗುಣವನ್ನು ಗೆದ್ದು, ಕಹಿಯ ಕಷಾಯವಿಲ್ಲದೆ ಬೆಳಗಾಗದಂತೆ ಮಾಡಿದ್ದರಲ್ಲಿ ಅತಿಥಿಸತ್ಕಾರಕ್ಕೂ ಗೆಳೆತನಕ್ಕೂ ಪಾಲುಂಟು, ಕೆಫೀನಿಗೆ ಪಾಲುಂಟು, ಲೆಕ್ಕ ಹಾಕಿ ಹಣ ಸುರಿದವರಿಗೂ ಪಾಲುಂಟು. ನಾನೂ ದಿನಕ್ಕೆ ಮೂರು ಲೋಟ ಕಾಫಿ ಕುಡಿಯುವವನೇ, ಬಿಡುವ ಯೋಚನೆಯಿಲ್ಲ. ಆದರೆ ಈ ಬಯಕೆಯ ಹಿಂದೆ ಒಂದು ಜಮಾಖರ್ಚಿನ ಪುಸ್ತಕವಿದ್ದಿತೆಂಬುದನ್ನು ತಿಳಿದು ಕುಡಿಯುವುದು ಬೇರೆ, ತಿಳಿಯದೆ ಕುಡಿಯುವುದು ಬೇರೆ.

ಇಂದು ಆ ಪುಸ್ತಕವು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿದೆ. ಫೋನಿನ ಪರದೆಯ ಮೇಲೆ ಒಂದು ಹಾಡಿನ ಕೆಳಗೆ ‘ಇಷ್ಟು ಲಕ್ಷ ಜನ ಕೇಳಿದ್ದಾರೆ’ ಎಂಬ ಅಂಕೆ ಇರುತ್ತದೆ. ಆ ಅಂಕೆ ಏನು ಮಾಡುತ್ತದೆ? ಅಮೆರಿಕದ ಮೂವರು ಸಮಾಜವಿಜ್ಞಾನಿಗಳು (ಸಾಲ್ಗಾನಿಕ್, ಡಾಡ್ಸ್, ವಾಟ್ಸ್) 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಬಹು ಚೆನ್ನಾಗಿ ತೋರಿಸುತ್ತದೆ. ಹೆಸರೇ ಕೇಳಿರದ ವಾದ್ಯಗೋಷ್ಠಿಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಕೆಲವರಿಗೆ ಹಾಡುಗಳನ್ನು ಮಾತ್ರ ತೋರಿಸಿದರು. ಉಳಿದವರನ್ನು ಎಂಟು ಪ್ರತ್ಯೇಕ ‘ಲೋಕ’ಗಳಾಗಿ ಹಂಚಿ, ಆಯಾ ಲೋಕದವರು ಯಾವ ಹಾಡನ್ನು ಎಷ್ಟು ಸಲ ತೆಗೆದುಕೊಂಡಿದ್ದಾರೆಂಬ ಲೆಕ್ಕವನ್ನೂ ತೋರಿಸಿದರು. ಎಂಟು ಲೋಕಗಳೂ ಸೊನ್ನೆಯಿಂದಲೇ ಆರಂಭವಾದುವು. ಫಲವೇನು? ಒಂದು ಲೋಕದಲ್ಲಿ ಜನಪ್ರಿಯತೆಯ ಶಿಖರಕ್ಕೇರಿದ ಹಾಡು ಇನ್ನೊಂದರಲ್ಲಿ ನಡುವಿನಲ್ಲೆಲ್ಲೋ ಉಳಿಯಿತು. ಬಹಳ ಒಳ್ಳೆಯ ಹಾಡುಗಳು ಪೂರ್ತಿ ಮುಳುಗಿದ್ದು ಅಪರೂಪ. ಬಹಳ ಕೆಟ್ಟವು ಮೇಲೆ ತೇಲಿದ್ದೂ ಅಪರೂಪ. ಇವೆರಡರ ಮಧ್ಯೆ ಇದ್ದ ಹಾಡುಗಳ ಗತಿ ಮಾತ್ರ ಏನು ಬೇಕಾದರೂ ಆಗಬಹುದಾಗಿದ್ದಿತು. ಮೊದಲು ಬಂದ ಕೆಲವರು ಆಕಸ್ಮಿಕವಾಗಿ ಯಾವ ಕಡೆಗೆ ಹೊರಳಿದರೋ, ಹಿಂದೆ ಬಂದವರ ‘ಸ್ವಂತ ಇಷ್ಟ’ವೂ ಆ ಕಡೆಗೇ ಹೊರಳಿತು.

ಹೋಗಲಿ, ನನಗೆ ಇದು ಏಕೆ ಇಷ್ಟವೆಂದು ನನ್ನನ್ನೇ ಕೇಳಿಕೊಂಡರೆ ಸತ್ಯ ಹೊರಬೀಳದೇ? ಇಲ್ಲಿಯೂ ಒಂದು ತೊಡಕಿದೆ. ಸ್ವೀಡನ್ನಿನ ಪೆಟರ್ ಯೊಹಾನ್ಸನ್, ಲಾರ್ಸ್ ಹಾಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 120 ಮಂದಿಗೆ ಎರಡೆರಡು ಭಾವಚಿತ್ರಗಳನ್ನು ತೋರಿಸಿ, ಯಾವ ಮುಖ ಹೆಚ್ಚು ಚೆಲುವೆಂದು ಕೇಳಿದರು. ಆಯ್ದ ಚಿತ್ರವನ್ನು ಕೈಗೆ ಕೊಟ್ಟು ಕಾರಣವನ್ನು ಕೇಳಿದರು. ಹದಿನೈದು ಜೋಡಿಗಳಲ್ಲಿ ಮೂರು ಸಲ, ಇಂದ್ರಜಾಲದವರ ಕೈಚಳಕದಿಂದ, ಆಯ್ಕೆ ಮಾಡದಿದ್ದ ಚಿತ್ರವನ್ನೇ ಕೈಗಿತ್ತರು. ಈ ಮೋಸ ಬಯಲಾದದ್ದು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ ಸಂದರ್ಭಗಳಲ್ಲಿ. ಉಳಿದ ವೇಳೆ ಜನರು, ತಾವು ಬೇಡವೆಂದಿದ್ದ ಮುಖವನ್ನು ಕೈಯಲ್ಲಿ ಹಿಡಿದು, ಅದನ್ನು ತಾವೇಕೆ ಮೆಚ್ಚಿದೆವೆಂಬುದನ್ನು ನಿರಾತಂಕವಾಗಿ ವಿವರಿಸಿದರು! ಕಾರಣವು ಆಯ್ಕೆಯ ಹಿಂದೆ ಇರುವುದೆಂದು ನಾವು ತಿಳಿದಿರುತ್ತೇವೆ. ಎಷ್ಟೋ ವೇಳೆ ಅದು ಆಯ್ಕೆಯಾದ ಮೇಲೆ ಹೊಲಿದು ತೊಡಿಸಿದ ಅಂಗಿ.

ಈಗ ಹುಡುಗನ ಪದವಿಯ ಆಸೆಗೆ ಬರೋಣ. ಹಳೆಯ ಮೈಸೂರಿನಲ್ಲಿ ಎಂಜಿನಿಯರ್ ಆಗಬೇಕೆಂಬ ಆಸೆಗೆ ಒಂದು ಚರಿತ್ರೆಯೇ ಇದೆ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದಾಗ ಈ ಊರಿನಲ್ಲಿ ಎಂಜಿನಿಯರಿಂಗ್ ಕಾಲೇಜಿರಲಿಲ್ಲ. ಅವರು ಪುಣೆಗೆ ಹೋಗಿ ಓದಬೇಕಾಯಿತು. 1917ರಲ್ಲಿ, ಅವರು ದಿವಾನರಾಗಿದ್ದಾಗ, ಬೆಂಗಳೂರಿನಲ್ಲಿ ಕಾಲೇಜು ಪ್ರಾರಂಭವಾಯಿತು. ಆಮೇಲೆ ಎಷ್ಟೋ ಮನೆಗಳಲ್ಲಿ ಅವರ ಚಿತ್ರ ಗೋಡೆಯೇರಿತು, ಅದರ ಕೆಳಗೆ ಬೆಳೆದ ಮಕ್ಕಳಿಗೆ ಎಂಜಿನಿಯರ್ ಆಗುವ ಆಸೆ ಬಂದಿತು. ನನ್ನ ನೆರೆಮನೆಯ ಹುಡುಗನ ಆಸೆಯಾದರೋ ಅದಕ್ಕಿಂತಲೂ ಈಚಿನದು. ಅವನ ಅಜ್ಜನ ತಾರುಣ್ಯದಲ್ಲಿ ಆ ವಿಷಯದ ಹೆಸರೂ ಹಳ್ಳಿಗೆ ಬಂದಿರಲಿಲ್ಲ. ಇಂದು ಬೀದಿಯ ಪ್ರತಿ ಮೂರನೆಯ ಮನೆಯಲ್ಲಿ ಅದರ ಮಾತು. ಅಪ್ಪನು ಬಲವಂತಪಡಿಸಲಿಲ್ಲ, ನಿಜ. ಗಾಳಿಯೇ ಆ ವಾಸನೆಯಿಂದ ತುಂಬಿರುವಾಗ ಬಲವಂತವೇಕೆ ಬೇಕು? ಇಲಿಗೂ ಯಾರೂ ಬಲವಂತಪಡಿಸಿರಲಿಲ್ಲ.

ಬಜ್ಜಿಗೂ ಪದವಿಗೂ ಒಂದು ದೊಡ್ಡ ಅಂತರವಿದೆ. ಬಜ್ಜಿಯ ಆಸೆ ಸುಳ್ಳಾದರೆ ತಟ್ಟೆಯನ್ನು ಸರಿಸಬಹುದು. ಪದವಿಯ ಆಸೆ ಸುಳ್ಳಾದರೆ ನಾಲ್ಕು ವರ್ಷ, ಮನೆಯವರ ಸಾಲ, ಅದರ ಮೇಲೆ ನಿಂತ ಉದ್ಯೋಗ, ಇವುಗಳನ್ನು ಸರಿಸುವುದು ಅಷ್ಟು ಸುಲಭವಲ್ಲ. ಆ ದಾರಿಯಲ್ಲಿ ಮೂರನೆಯ ವರ್ಷಕ್ಕೆ ಬಂದು, “ನನಗೆ ಇದು ಬೇಕಾಗಿದ್ದಿತೆಂದು ನಾನೇಕೆ ಅಂದುಕೊಂಡೆನು?” ಎಂದು ಬೆಪ್ಪಾದ ವಿದ್ಯಾರ್ಥಿಗಳನ್ನು ಅಧ್ಯಾಪಕನಾಗಿ ನಾನು ಕಂಡಿದ್ದೇನೆ. ಅವರಲ್ಲಿ ಯಾರನ್ನೂ ಯಾರೂ ಬಲವಂತಪಡಿಸಿರಲಿಲ್ಲ. ತಪ್ಪು ಯಾರದೆಂದು ಹೊರಿಸಲು ಒಬ್ಬ ಮನುಷ್ಯನೂ ಸಿಗದಿದ್ದುದೇ ಅವರ ಸಂಕಟವನ್ನು ಇಮ್ಮಡಿಸಿದ್ದಿತು.

ಆದ್ದರಿಂದ ಬಯಕೆಯ ಹುಟ್ಟನ್ನು ವಿಚಾರಿಸುವುದಕ್ಕಿಂತ ಅದರ ನಡತೆಯನ್ನು ವಿಚಾರಿಸುವುದು ಉಪಯುಕ್ತವೆಂದು ನನ್ನ ಮತ. ಇದಕ್ಕೆ ಹಳೆಯದೊಂದು ಪ್ರಯೋಗ ದಾರಿ ತೋರಿಸುತ್ತದೆ. 1951ರಲ್ಲಿ ಸಾಲೊಮನ್ ಆಶ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಗೆರೆಗಳ ಉದ್ದವನ್ನು ಹೋಲಿಸುವ ಅತಿ ಸುಲಭವಾದ ಪರೀಕ್ಷೆಯನ್ನು ಪ್ರಕಟಿಸಿದರು. ಮೊದಲೇ ಹೇಳಿಕೊಟ್ಟಿದ್ದ ಸಂಗಡಿಗರೆಲ್ಲ ಒಂದೇ ತಪ್ಪು ಉತ್ತರವನ್ನು ಕೊಟ್ಟಾಗ, ಏನೂ ತಿಳಿಯದ ಅಭ್ಯರ್ಥಿಯ ಉತ್ತರಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಅವರ ಹಿಂದೆಯೇ ಹೋಯಿತು. ಇದು ಎಲ್ಲರೂ ಬಲ್ಲ ಭಾಗ. ಕಡಮೆ ಜನ ಬಲ್ಲ ಭಾಗವಿದು: ಗುಂಪಿನಲ್ಲಿ ಒಬ್ಬನೇ ಒಬ್ಬನು ಸರಿಯಾದ ಉತ್ತರವನ್ನು ಹೇಳಿದರೂ ಅಂಥ ತಪ್ಪುಗಳು ಸುಮಾರು ನಾಲ್ಕನೆಯ ಒಂದಕ್ಕಿಳಿದುವು. ಉತ್ತರವನ್ನು ಗಟ್ಟಿಯಾಗಿ ಹೇಳದೆ, ಯಾರಿಗೂ ಕಾಣದಂತೆ ಚೀಟಿಯಲ್ಲಿ ಬರೆಯಲು ಬಿಟ್ಟಾಗಲೂ ಗುಂಪಿನ ಹಿಡಿತ ಬಹಳ ಸಡಿಲವಾಯಿತು. ಯಾರೂ ನೋಡದಿರುವಾಗ ಉಳಿಯುವುದೆಷ್ಟು ಎಂಬುದನ್ನು ಹೀಗೆ ಅಳೆಯಬಹುದು.

ಮರುದಿನ ಹುಡುಗನನ್ನು ಕರೆದು, “ಏಕೆ ಇಷ್ಟ ಎಂದು ನಾನು ಕೇಳುವುದಿಲ್ಲ, ಕಾರಣ ಹೇಳುವುದು ಎಲ್ಲರಿಗೂ ಬರುತ್ತದೆ. ಯಾರಿಗೂ ತೋರಿಸದೆ, ಅಂಕಕ್ಕಲ್ಲದೆ, ನೀನಾಗಿಯೇ ಒಂದು ವರ್ಷಕ್ಕಿಂತ ಹೆಚ್ಚಾಗಿ ಮಾಡುತ್ತ ಬಂದ ಕೆಲಸ ಯಾವುದು?” ಎಂದು ಕೇಳಿದೆನು.

ಅವನು ಬಹಳ ಹೊತ್ತು ಯೋಚಿಸಿದನು. ಆಮೇಲೆ ಸಂಕೋಚದಿಂದ ಹೇಳಿದನು: ಮಹಡಿಯ ಮೇಲೆ ನೆಟ್ಟಗಿನ ಗೋಡೆಯ ಒಂದು ಡಬ್ಬಿಯನ್ನಿಟ್ಟು, ಮೂರು ವರ್ಷಗಳಿಂದ ಮಳೆಯನ್ನು ಅಳೆದು ಬರೆದಿಡುತ್ತಿದ್ದಾನೆ. ಡಬ್ಬಿಯ ಗೋಡೆ ನೆಟ್ಟಗಿದ್ದರೆ ಬಾಯಿ ಎಷ್ಟೇ ಅಗಲವಿದ್ದರೂ ನೀರಿನ ಎತ್ತರವೇ ಮಳೆಯ ಅಳತೆಯೆಂಬುದನ್ನು ತಾನೇ ಯೋಚಿಸಿ ಕಂಡುಕೊಂಡನಂತೆ. ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆಂದು ಓದಿ, ತಾನೂ ಆ ವೇಳೆಗೇ ಅಳೆಯುತ್ತಾನಂತೆ. “ಇದನ್ನು ನಿನಗೆ ಯಾರು ಹೇಳಿಕೊಟ್ಟರು?” ಎಂದೆನು. “ಯಾರೂ ಇಲ್ಲ ಸಾರ್” ಎಂದವನು ತುಸು ತಡೆದು, “ಊರಲ್ಲಿ ನಮ್ಮ ತಾತ ಆರಿದ್ರೆ ಮಳೆ ಎಷ್ಟು ಬಂತು, ಪುಷ್ಯ ಎಷ್ಟು ಬಂತು ಎಂದು ಗೋಡೆಯ ಮೇಲೆ ಇದ್ದಲಿನಲ್ಲಿ ಗೆರೆ ಎಳೆಯುತ್ತಿದ್ದರು” ಎಂದನು. ಅಂತೂ ಅದೂ ಮೂಲತಃ ಅವನದಲ್ಲ! ಆದರೆ ತಾತ ತೀರಿಕೊಂಡ ಮೇಲೆ, ಕೇಳುವವರಿಲ್ಲದ ಮನೆಯಲ್ಲಿ, ಮೂರು ವರ್ಷ ಅದು ನಿಂತಿದೆ. ಕಂಪ್ಯೂಟರಿನ ವಿಷಯದಲ್ಲಿ ಅಂಥದೇನಾದರೂ ಇದೆಯೇ ಎಂದು ಕೇಳಿದೆನು. ಅವನು ಉತ್ತರ ಕೊಡಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಪಟ್ಟಿಯಲ್ಲಿ ಮೊದಲ ಸಾಲುಗಳು ಬದಲಾಗಲಿಲ್ಲವೆಂದು ಆಮೇಲೆ ತಿಳಿಯಿತು. ಅವನು ಈಗ ಬೇರೊಂದು ಊರಿನ ಹಾಸ್ಟೆಲಿನಲ್ಲಿದ್ದುಕೊಂಡು ಕಂಪ್ಯೂಟರ್ ವಿಜ್ಞಾನವನ್ನೇ ಓದುತ್ತಿದ್ದಾನೆ. ಹೊರಡುವ ಮುನ್ನ ಡಬ್ಬಿಯನ್ನೂ ಪುಸ್ತಕವನ್ನೂ ತಂಗಿಗೆ ಒಪ್ಪಿಸಿ ಹೋದನು. ಮೊದಮೊದಲು ಅಣ್ಣನ ಫೋನಿನ ಕಾಟ ತಾಳಲಾರದೆ ಅವಳು ಗೊಣಗುತ್ತ ಮಹಡಿ ಹತ್ತುತ್ತಿದ್ದಳು. ಈ ವರ್ಷ ಮುಂಗಾರು ಹಿಡಿದ ಮೇಲೆ ಗೊಣಗಾಟ ಕೇಳಿಸುತ್ತಿಲ್ಲ. ಮಳೆ ಬಿದ್ದ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ, ಕೊಡೆ ಹಿಡಿದುಕೊಂಡು, ಅವಳು ಮಹಡಿಯ ಮೇಲೆ ಕಾಣಿಸುತ್ತಾಳೆ.